ಒಂದು ಹಳೆಯ ಸೈಕಲ್ಲಿನ ಜೀರ್ಣೋದ್ಧಾರ

(ಶ್ರೀಮಠದ ಮಹೋತ್ಸವದ ಅನುಭಾವಗೋಷ್ಠಿಯಲ್ಲಿ ಮಾಡಿದ ಭಾಷಣ)



ಇದೇ ವೇದಿಕೆಯಿಂದ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳ ವಿಷಯವಾಗಿ ವಿದ್ವಾಂಸರು ಉಪನ್ಯಾಸ ಮಾಡಿರುವರು. ನಾನು ವಿದ್ವಾಂಸನಲ್ಲ, ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತನಾದವನು. ನಾನು ಆರಿಸಿಕೊಂಡ ವಿಷಯವೋ, ಅದೋ ಅಲ್ಲಿ ದಾಸೋಹದ ಮನೆಯ ಗೋಡೆಗೆ ಒರಗಿ ನಿಂತಿರುವ ಹಳೆಯ ಸೈಕಲ್ಲು. ಮಠದ ವೇದಿಕೆಗೂ ಸೈಕಲ್ಲಿಗೂ ಏನು ನಂಟು ಎಂದು ಕೆಲವರಿಗೆ ನಗೆ ಬರಬಹುದು. ಆದರೆ ಕಾಯಕ ದಾಸೋಹಗಳೆಂಬ ಮಾತುಗಳು ನನಗೆ ಬಹುಕಾಲ ಪುಸ್ತಕದಲ್ಲಿಯೇ ಇದ್ದವು. ಆ ಸೈಕಲ್ಲಿನ ಬಿಡಿಭಾಗಗಳನ್ನು ಕೂಡಿಸುತ್ತ ನಾಲ್ಕು ತಾಲೂಕು ತಿರುಗಿದಾಗ ಅವು ನನ್ನನ್ನು ಪರೀಕ್ಷೆಗೆ ಹಚ್ಚಿದವು. ಆ ಪರೀಕ್ಷೆಯಲ್ಲಿ ನಾನು ಎಲ್ಲೆಲ್ಲಿ ಎಡವಿದೆನೆಂಬುದನ್ನೂ ಮುಚ್ಚದೆ ಹೇಳುವೆನು.

ಮೊದಲು ನಮ್ಮ ನೆಲದ ಮಾತು. ಗದಗದಿಂದ ಹೊಟಗಿಗೆ ಹೋಗುವ ರೇಲ್ವೆ 1884ರಲ್ಲಿಯೇ ಈ ಜಿಲ್ಲೆಯನ್ನು ಹಾಯ್ದು ಹೋಯಿತು. ಆದರೆ ಇಂಡಿ ರೋಡ್ ಸ್ಟೇಶನ್ನು ಇಂಡಿಯಿಂದ ದೂರ. ಬಸವನಬಾಗೇವಾಡಿ ರೋಡ್ ಸ್ಟೇಶನ್ನು ಬಾಗೇವಾಡಿಯಿಂದ ದೂರ. ಸಿಂದಗಿ ಮುದ್ದೇಬಿಹಾಳಗಳಿಗಂತೂ ಆ ಹಳಿ ಮುಟ್ಟಲೇ ಇಲ್ಲ. ಮಳೆಗಾಲದಲ್ಲಿ ಡೋಣಿಯ ದಂಡೆಯ ಎರೆಮಣ್ಣು ಎತ್ತಿನ ಕಾಲನ್ನೂ ಬಿಡದು. ಬೇಸಿಗೆಯಲ್ಲಿ ಹಾದಿಯ ತುಂಬ ಜಾಲಿಯ ಮುಳ್ಳು. ಇಂಥ ನಾಡಿನಲ್ಲಿ ಚಕ್ಕಡಿ ಇಲ್ಲದ ಬಡವನಿಗೂ, ದಿನಾಲು ಊರಿಂದೂರಿಗೆ ಹೋಗಬೇಕಾದ ಶಾಲಾಮಾಸ್ತರನಿಗೂ ಸೈಕಲ್ಲು ದೊಡ್ಡ ಆಧಾರವಾಯಿತು. ಹಸಿ ಎರೆಮಣ್ಣು ಮಡ್‌ಗಾರ್ಡಿನಲ್ಲಿ ಸಿಕ್ಕಿ ಗಾಲಿ ನಿಂತಾಗ ಸೈಕಲ್ಲು ಮನುಷ್ಯನನ್ನು ಹೊರುವ ಬದಲು ಮನುಷ್ಯನೇ ಸೈಕಲ್ಲನ್ನು ಹೆಗಲಮೇಲೆ ಹೊರುವದನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ.

ಹೆಚ್ಚುಕಡಿಮೆ ಸಮನಾದ ಎರಡು ಗಾಲಿಗಳುಳ್ಳ ಇಂದಿನ ಮಾದರಿಯ ಸೈಕಲ್ಲನ್ನು ಇಂಗ್ಲಂಡದ ಕಾವೆಂಟ್ರಿಯಲ್ಲಿ ಸ್ಟಾರ್ಲೆ ಎಂಬಾತನು 1885ರಲ್ಲಿ ಬಳಕೆಗೆ ತಂದನು. 1888ರಲ್ಲಿ ಡನ್‌ಲಪ್ಪನು ಬೆಲ್‌ಫಾಸ್ಟಿನಲ್ಲಿ ಗಾಳಿ ತುಂಬಿದ ರಬ್ಬರು ಟಯರನ್ನು ರೂಢಿಸಿದನು. ನಮ್ಮ ದೇಶದಲ್ಲಿ ಸೈಕಲ್ ಕಾರಖಾನೆಗಳು ತಲೆಯೆತ್ತಿದ್ದು 1939ರ ಸುಮಾರಿಗೆ. ಮದ್ರಾಸು, ಆಸನಸೋಲ, ಲುಧಿಯಾನಗಳ ದೊಡ್ಡ ಕಾರಖಾನೆಗಳೆಲ್ಲ ಸ್ವಾತಂತ್ರ್ಯ ಬಂದ ಮೇಲಿನವು. ಅದಕ್ಕೂ ಮುಂಚೆ ನಮ್ಮ ಹಿರಿಯರು ಏರಿದ್ದು ಹೆಚ್ಚಾಗಿ ನಾಟಿಂಗ್‌ಹ್ಯಾಮಿನ ರ‍್ಯಾಲೆ, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಹಾಗೂ ಹರ್ಕ್ಯುಲಿಸ್ ಸೈಕಲ್ಲುಗಳನ್ನು. ರ‍್ಯಾಲೆಯ ನೆತ್ತಿಯ ಮೇಲೆ ಬಕಪಕ್ಷಿಯ ತಲೆ, ಬಿ.ಎಸ್.ಎ.ಯ ಮೇಲೆ ಒಂದಕ್ಕೊಂದು ಆನಿಸಿಟ್ಟ ಮೂರು ಬಂದೂಕು. ಇವು ಅವುಗಳ ಗುರುತು.

ಈ ಜಿಲ್ಲೆಯಲ್ಲಿ ಸೈಕಲ್ಲಿನ ಹೆಸರೆತ್ತಿದ ಕೂಡಲೆ ನೆನಪಿಗೆ ಬರುವವರು ಒಬ್ಬರುಂಟು; ಅವರನ್ನು ನೆನೆಯದೆ ಮುಂದುವರಿದರೆ ಅಪಚಾರವಾದೀತು. ಅವರೇ ವಚನಪಿತಾಮಹ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ವಿಜಾಪುರದಲ್ಲಿ ವಕೀಲರಾಗಿ ನೆಲೆನಿಂತರು. ಆ ಊರಿಗೆ 2014ರಿಂದ ವಿಜಯಪುರವೆಂಬ ಹೆಸರು ಮರಳಿ ಬಂದಿರುವದಾದರೂ ಅವರ ಕಾಲದ ಮಾತಿಗೆ ಹಳೆಯ ಹೆಸರೇ ಒಪ್ಪುವದು. ಮಠಮನೆಗಳ ಅಟ್ಟಗಳಲ್ಲಿ ಹೊಗೆ ಹಿಡಿದು, ಗೆದ್ದಲು ತಿಂದು ಹೋಗುತ್ತಿದ್ದ ತಾಡವೋಲೆಗಳನ್ನು ಅವರು ಬೇಡಿ ತಂದರು, ಪ್ರತಿ ಮಾಡಿದರು, ಹೋಲಿಸಿ ನೋಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಿತ್ತು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಇನ್ನೂರಕ್ಕೂ ಮಿಕ್ಕಿದ ವಚನಕಾರರ ಹೆಸರು ನಾಡಿಗೆ ತಿಳಿದದ್ದು ಅವರ ದುಡಿಮೆಯಿಂದ. ಇಷ್ಟೆಲ್ಲ ಮಾಡಿದವರು ಮಾಸಿದ ಕೋಟು ತೊಟ್ಟು ಹಳೆಯ ಸೈಕಲ್ಲಿನ ಮೇಲೆ ತಿರುಗುತ್ತಿದ್ದರೆಂಬುದು ಇಲ್ಲಿಯ ಜನರ ಬಾಯಲ್ಲಿ ಇಂದಿಗೂ ಇದೆ. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಅವರನ್ನು ನೆನೆದದ್ದಕ್ಕೆ ಕಾರಣವುಂಟು. ಚದುರಿದ್ದನ್ನು ಕೂಡಿಸುವವನಿಗೆ ಎರಡು ಧರ್ಮಗಳಿವೆ. ಕೂಡಿಸಿದ್ದು ನಿಜವಾದದ್ದೋ ಅಲ್ಲವೋ ಎಂದು ಪರೀಕ್ಷಿಸಬೇಕು, ಇದು ಮೊದಲನೆಯದು. ಕೂಡಿಸಿದ್ದು ಯಾರಿಗಾಗಿ ಎಂಬುದನ್ನು ಮರೆಯಬಾರದು, ಇದು ಎರಡನೆಯದು. ಹಳಕಟ್ಟಿಯವರು ಎರಡನ್ನೂ ನಡೆಸಿದರು. ನಾನು ಮೊದಲನೆಯದನ್ನು ಅರ್ಧ ನಡೆಸಿ, ಎರಡನೆಯದನ್ನು ಮರೆಯುವದರಲ್ಲಿದ್ದೆನು.

ಈ ಸೈಕಲ್ಲು ನನ್ನ ತೀರ್ಥರೂಪರದು. ಅವರೂ ಶಾಲಾಮಾಸ್ತರರು. ರ‍್ಯಾಲೆ ಸೈಕಲ್ಲೊಂದನ್ನು ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು, ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅದರ ಮೇಲೆಯೇ ಶಾಲೆಗೆ ಹೋದರು. ಸುಗ್ಗಿಯ ಮೇಲೆ ಹಳ್ಳಿಯ ರೈತರು ಶ್ರೀಮಠದ ದಾಸೋಹಕ್ಕೆಂದು ಕೊಟ್ಟ ಜೋಳದ ಚೀಲಗಳನ್ನು ಅದರ ಕ್ಯಾರಿಯರಿನ ಮೇಲೆ ಹೇರಿ, ತಾವು ಪಕ್ಕದಲ್ಲಿ ನಡೆಯುತ್ತ ಇಲ್ಲಿಗೆ ಮುಟ್ಟಿಸುತ್ತಿದ್ದರು. ಅದರ ಮುಖ್ಯ ಭಾಗಗಳ ಮೇಲೆಲ್ಲ ಅರದಿಂದ ಮೂರು ಸಣ್ಣ ಗೆರೆಗಳನ್ನು ಕೊರೆದಿದ್ದರು. ‘ಇದು ಸೈಕಲ್ಲಿನ ವಿಭೂತಿ’ ಎಂದು ನಮಗೆ ಮಕ್ಕಳಿಗೆ ಹೇಳುತ್ತಿದ್ದರು.

ಆ ಸೈಕಲ್ಲು ಹಾಳಾದದ್ದು ಮಳೆಗಾಳಿಯಿಂದಲ್ಲ. ತಂದೆಯವರೇ ಅದನ್ನು ಬಿಡಿಬಿಡಿಯಾಗಿ ಕೊಟ್ಟುಬಿಟ್ಟರು. ಯಾರದೋ ಸೈಕಲ್ಲಿನ ಪೆಡಲು ಮುರಿಯಿತೆಂದರೆ ತಮ್ಮದನ್ನು ಬಿಚ್ಚಿ ಕೊಟ್ಟರು. ಸೀಟು ಒಬ್ಬರಿಗೆ, ಮುಂದಿನ ಗಾಲಿ ಇನ್ನೊಬ್ಬರಿಗೆ. 1972ರ ಬರಗಾಲದಲ್ಲಿ ಹಿಂದಿನ ಗಾಲಿಯನ್ನೂ ಕೊಟ್ಟರು. ಅಂದಿನಿಂದ ಶಾಲೆಗೆ ನಡೆದೇ ಹೋದರು. ಉಳಿದದ್ದು ಚೌಕಟ್ಟು, ಹ್ಯಾಂಡಲ್ಲು ಹಾಗೂ ಸರಪಳಿಯ ಕವಚ. ಅವು ದನದ ಕೊಟ್ಟಿಗೆಯ ಗೂಟಕ್ಕೆ ಬಹಳ ವರ್ಷ ನೇತಾಡಿದವು. ಅವರು ಲಿಂಗೈಕ್ಯರಾದ ಮೇಲೆ, ನಾನೂ ನಿವೃತ್ತನಾದ ಮೇಲೆ, ಆ ಮೂರು ಗೆರೆಗಳ ಗುರುತನ್ನು ಹಿಡಿದು ಎಲ್ಲ ಭಾಗಗಳನ್ನೂ ಹುಡುಕಿ ತಂದು ಸೈಕಲ್ಲನ್ನು ಮೊದಲಿನಂತೆ ನಿಲ್ಲಿಸಬೇಕೆಂದು ಹಟ ತೊಟ್ಟೆನು.

ಮೊದಲ ತಪ್ಪು ಮನೆಯಲ್ಲಿಯೇ ನಡೆಯಿತು. ಸರಪಳಿಯ ಕವಚಕ್ಕೆ ಜಂಗು ಹಿಡಿದಿತ್ತು. ಮರಳು ಕಾಗದ ತಂದು ಒಂದು ಮಧ್ಯಾಹ್ನವೆಲ್ಲ ಉಜ್ಜಿದೆನು. ಕೊನೆಗೆ ಒಂದು ಮೂಲೆಯಲ್ಲಿ ಬಿಳಿಯ ಬಣ್ಣದ ತುಣುಕು ಕಂಡಿತು. ನೋಡಿದರೆ ಅದು ‘ಹ’ ಎಂಬ ಅಕ್ಷರದ ಕಡೆಯ ಸುಳಿ, ತಂದೆಯವರ ಕೈಬರಹ. ಜಂಗಿನ ಕೆಳಗೆ ಅವರು ಎಣ್ಣೆಬಣ್ಣದಿಂದ ಬರೆದ ಒಂದು ಸಾಲು ಇತ್ತು; ಅದನ್ನು ನಾನೇ ನನ್ನ ಕೈಯಿಂದ ಅಳಿಸಿದ್ದೆನು. ಚಿಮಣಿ ಎಣ್ಣೆಯಲ್ಲಿ ಅದ್ದಿದ ಮೆತ್ತನ್ನ ಅರಿವೆಯಿಂದ ತಾಳ್ಮೆಯಿಂದ ಒರೆಸಿದ್ದರೆ ಜಂಗು ಹೋಗಿ ಅಕ್ಷರ ಉಳಿಯುತ್ತಿತ್ತೆಂದು ಆಮೇಲೆ ತಿಳಿದವರು ಹೇಳಿದರು. ‘ಅದು ದಾಸೋಹವೆಂದೇ ಇದ್ದೀತು, ಹಾಗೆಯೇ ಮತ್ತೆ ಬರೆಯಿಸಿರಿ’ ಎಂದು ಬಂಧುಗಳು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಹರಿದ ಓಲೆಯ ಜಾಗದಲ್ಲಿ ತನ್ನ ಊಹೆಯನ್ನು ಬರೆದು ಶರಣರ ಅಂಕಿತ ಹಚ್ಚಿದರೆ ಅದು ವಚನವಾಗಲಾರದು. ಆ ಕವಚ ಈಗಲೂ ಬರಿದಾಗಿಯೇ ಇದೆ; ಮೂಲೆಯಲ್ಲಿ ಆ ಒಂದು ಸುಳಿ ಇದೆ. ನನ್ನ ಅವಸರಕ್ಕೆ ಅದೇ ಸಾಕ್ಷಿ.

ಆಮೇಲೆ ಇಂಡಿಗೆ ಹೋದೆನು. ಅಲ್ಲಿ ಸೈಕಲ್ ದುರಸ್ತಿಯಲ್ಲಿಯೇ ಆಯುಷ್ಯ ಕಳೆದ ಒಬ್ಬ ಮುಸಲ್ಮಾನ ಉಸ್ತಾದರಿದ್ದಾರೆ. ಪೆಡಲಿನ ಅಚ್ಚು ತಿರುಗುವ ಕೊಳವೆಗೆ ಎರಡು ಬಟ್ಟಲುಗಳು ಬೇಕಾಗಿದ್ದವು. ಪೇಟೆಯಿಂದ ಹೊಸವನ್ನು ಕೊಂಡೊಯ್ದಿದ್ದೆನು. ಅವು ಒಂದು ಸುತ್ತು ಹೋಗಿ ನಿಂತವು. ನಾನು ಪಾನಾ ಹಿಡಿದು ಒತ್ತಲು ಹೋದಾಗ ಉಸ್ತಾದರು ಕೈ ಹಿಡಿದರು. ‘ಮಾಸ್ತರ, ಒತ್ತಬ್ಯಾಡ್ರಿ. ಒತ್ತಿದ್ರ ಇದೂ ಹೋಗ್ತದ, ಅದೂ ಹೋಗ್ತದ. ಇದರ ಜಾತಿ ಬ್ಯಾರೆ ಅದ’ ಎಂದರು. ಮಿಕ್ಕ ಕಂಪನಿಗಳ ಬಟ್ಟಲಿನ ತಿರುಪಿಗೆ ಇಂಚಿಗೆ 24 ಸುತ್ತು. ರ‍್ಯಾಲೆಯವರು ತಮ್ಮದಕ್ಕೆ 26 ಸುತ್ತು ಇಟ್ಟಿದ್ದರು. ಕಣ್ಣಿಗೆ ಎರಡೂ ಒಂದೇ. ಅಷ್ಟಲ್ಲದೆ ಬಲಗಡೆಯ ಬಟ್ಟಲೂ ಎಡಗಡೆಯ ಪೆಡಲೂ ಎಡತಿರುಪಿನವು. ತುಳಿಯುವಾಗ ತಾವಾಗಿ ಬಿಚ್ಚಿಕೊಳ್ಳಬಾರದೆಂದು ಹಾಗೆ ಮಾಡಿರುವರು. ಇದನ್ನು ಅರಿಯದವನು ಬಿಚ್ಚುವೆನೆಂದು ಬಿಗಿಯುತ್ತಾನೆ, ಬಿಗಿಯುವೆನೆಂದು ಬಿಚ್ಚುತ್ತಾನೆ.

ಉಸ್ತಾದರು ತಮ್ಮ ಹಳೆಯ ಡಬ್ಬಿಗಳನ್ನೆಲ್ಲ ಸುರುವಿ, ಮುರಿದ ರ‍್ಯಾಲೆಯೊಂದರ ಬಟ್ಟಲುಗಳನ್ನು ಹುಡುಕಿ ಕೊಟ್ಟರು. ಒಂದೊಂದು ಪಕ್ಕಕ್ಕೆ ಕಾಲು ಇಂಚಿನ 11 ಉಕ್ಕಿನ ಗುಂಡುಗಳನ್ನು ಗ್ರೀಸಿನಲ್ಲಿ ಕೂಡಿಸುವದನ್ನು ಕಲಿಸಿದರು. ಕ್ರ್ಯಾಂಕಿನ ಕಾಟರ್ ಪಿನ್ನನ್ನು ಹೊಡೆದು ತೆಗೆಯುವಾಗ ಕೆಳಗೆ ಕಬ್ಬಿಣದ ಕೊಳವೆಯ ಆಧಾರ ಕೊಡಬೇಕು, ಇಲ್ಲವಾದರೆ ಸುತ್ತಿಗೆಯ ಪೆಟ್ಟು ಒಳಗಿನ ಗುಂಡುಗಳಿಗೆ ತಾಕಿ ಬಟ್ಟಲಿನಲ್ಲಿ ಕುಳಿ ಬೀಳುವದೆಂದರು. ಹಣ ಕೊಡಹೋದರೆ ಬಟ್ಟಲುಗಳ ಬೆಲೆಯನ್ನಷ್ಟೇ ತೆಗೆದುಕೊಂಡರು. ‘ಕಲಿಸಿದ್ದಕ್ಕ ರೊಕ್ಕ ತಗೊಂಡ್ರ ನಮ್ಮ ಉಸ್ತಾದ ಮೆಚ್ಚೂದಿಲ್ಲ’ ಎಂದರು. ಶಾಲೆಯಲ್ಲಿ ಪಗಾರ ಎಣಿಸಿಕೊಂಡು ಕಲಿಸಿದ ನಾನು ತಲೆ ತಗ್ಗಿಸಿದೆನು.

ಸಿಂದಗಿಯ ಕಡೆ ಒಂದು ಮನೆಯಲ್ಲಿ ಸೀಟು ಸಿಕ್ಕಿತು. ಅದನ್ನು ಪಡೆದಿದ್ದ ಹಿರಿಯರು ತೀರಿಕೊಂಡಿದ್ದರು. ಮಕ್ಕಳು ಅದನ್ನು ಅಟ್ಟಕ್ಕೆ ಎಸೆದಿದ್ದರು. ಕೆಳಗಿನ ಕಬ್ಬಿಣದ ಮೇಲೆ ಮೂರು ಗೆರೆ ಸ್ಪಷ್ಟವಾಗಿದ್ದವು. ತೊಗಲು ಒಣಗಿ ಹಪ್ಪಳದಂತಾಗಿತ್ತು. ಶರಣ ಹರಳಯ್ಯನವರ ಕಾಯಕವನ್ನು ನಡೆಸುತ್ತಿರುವ ಬಂಧುವೊಬ್ಬರು ಸಂತೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಎಣ್ಣೆಯಲ್ಲಿ ಮುಳುಗಿಸಿದರೆ ತೊಗಲು ಸಡಿಲಾಗಿ ಜೋಲುಬೀಳುವದು. ಕೊಬ್ಬನ್ನು ತೆಳ್ಳಗೆ ಸವರಿ, ನೆರಳಿನಲ್ಲಿಟ್ಟು, ನಾಲ್ಕು ದಿನ ಬಿಟ್ಟು ಮತ್ತೆ ಸವರಬೇಕು. ಆಮೇಲೆ ಮೂತಿಯ ಕೆಳಗಿನ ಬೋಲ್ಟನ್ನು ಅರ್ಧ ಸುತ್ತು ಮಾತ್ರ ಬಿಗಿಯಬೇಕೆಂದರು. ಹರಿದ ಅಂಚಿಗೆ ಒಳಗಿನಿಂದ ತೊಗಲಿನ ತೇಪೆ ಹಚ್ಚಿ ಹೊಲಿದರು. ಮೇಲೆ ಕಾಣುವದಿಲ್ಲ, ಆದರೆ ಬೆರಳಿಗೆ ತಿಳಿಯುವದು.

ಬಸವನಬಾಗೇವಾಡಿಯಲ್ಲಿ, ಬಸವಣ್ಣನವರು ಹುಟ್ಟಿದ ಆ ಮಣ್ಣಿನಲ್ಲಿ, ಮುಂದಿನ ಗಾಲಿ ದೊರೆಯಿತು. ಒಬ್ಬ ರೈತರ ಮನೆಯಲ್ಲಿ ಅದು ಅವರೆಯ ಬಳ್ಳಿಗೆ ಹಂದರವಾಗಿತ್ತು. ‘ಬಳ್ಳಿ ಒಣಗಲಿ, ಒಯ್ಯಿರಿ’ ಎಂದು ಆ ಮನೆಯ ತಾಯಿ ಹೇಳಿದರು. ಎರಡು ತಿಂಗಳು ಕಾದೆನು. ಒಣಗಿದ ಬಳ್ಳಿಯನ್ನು ಬಿಡಿಸಿ ಅವರೇ ಗಾಲಿ ಕೊಟ್ಟರು. ಒಂದು ಪಡಿ ಅವರೆಕಾಳನ್ನೂ ಕೊಟ್ಟರು. ಆಗ ನನ್ನ ಮನಸ್ಸಿನಲ್ಲಿ ಉಬ್ಬು ಮೂಡಿತು. ಇನ್ನೊಂದೇ ಗಾಲಿ ಬಂದರೆ ಸೈಕಲ್ಲು ಪೂರ್ಣ; ಮೂರು ಗೆರೆಯಿಲ್ಲದ ದೊಡ್ಡ ಭಾಗ ಒಂದೂ ಇರಲಾರದು; ಜನ ನೋಡಿ ಬೆರಗಾಗುವರು ಎಂದುಕೊಂಡೆನು.

ಆ ಇನ್ನೊಂದು ಗಾಲಿ ಮುದ್ದೇಬಿಹಾಳದ ಪೇಟೆಯಲ್ಲಿತ್ತು. ಬರಗಾಲದಲ್ಲಿ ತಂದೆಯವರು ಅದನ್ನು ಕೊಟ್ಟದ್ದು ಕತ್ತರಿ ಕುಡಗೋಲುಗಳಿಗೆ ಸಾಣೆ ಹಿಡಿಯುವವರೊಬ್ಬರಿಗೆ. ಅವರ ಮಗ ಇಂದಿಗೂ ಅದೇ ಕಾಯಕದಲ್ಲಿದ್ದಾನೆ. ಕಟ್ಟಿಗೆಯ ಚೌಕಟ್ಟಿನಲ್ಲಿ ಆ ಗಾಲಿ; ಅದಕ್ಕೆ ಪಟ್ಟಿ, ಪಟ್ಟಿಗೆ ಸಾಣೆಕಲ್ಲು; ಕಾಲಿನಿಂದ ತುಳಿದರೆ ಗಾಲಿ ತಿರುಗುವದು, ಕಲ್ಲು ಕಿಡಿ ಕಾರುವದು. ನಾನು ಬರಿಗೈಯಿಂದ ಹೋಗಿರಲಿಲ್ಲ. ಹೊಚ್ಚಹೊಸ ಗಾಲಿಯೊಂದನ್ನು ಕೊಂಡು ಜೊತೆಗೆ ಒಯ್ದಿದ್ದೆನು. ಹಳೆಯದಕ್ಕೆ ಹೊಸದು ಕೊಡುವೆನು, ಇದರಲ್ಲಿ ಯಾರಿಗೆ ಏನು ನಷ್ಟವೆಂದು ತಿಳಿದಿದ್ದೆನು. ನನ್ನ ಹೆಸರು ಕೇಳುತ್ತಲೆ ಆತನು ಎದ್ದು ನಿಂತು ಶರಣೆಂದನು. ‘ಈ ಗಾಲಿ ನಿಮ್ಮ ಅಪ್ಪಾರು ಕೊಟ್ಟದ್ದು ಅಂತ ನಮ್ಮಪ್ಪ ಹೇಳ್ತಿದ್ದ. ನಿಮಗ ಬೇಕಂದ್ರ ಒಯ್ಯಿರಿ ಗುರುಗಳ’ ಎಂದು ತಾನೇ ಬಿಚ್ಚತೊಡಗಿದನು.

ಹೊಸ ಗಾಲಿಯನ್ನು ಕೂಡಿಸಿ ತುಳಿದು ನೋಡಿದನು. ಅದು ಹಗುರು. ಕುಡಗೋಲನ್ನು ಕಲ್ಲಿಗೆ ಒತ್ತಿದ ಕೂಡಲೆ ವೇಗ ಕುಗ್ಗಿ ಕಲ್ಲು ನಿಂತಿತು. ಹಳೆಯ ಗಾಲಿಯ ರಿಮ್ಮು ದಪ್ಪ ಉಕ್ಕಿನದು. ಒಮ್ಮೆ ವೇಗ ಹಿಡಿದರೆ ಆ ಭಾರವೇ ಅದನ್ನು ತಿರುಗಿಸುತ್ತ ಹೋಗುವದು, ಒತ್ತಿದರೂ ನಿಲ್ಲದು. ಆತನು ಮೂರು ಸಲ ತುಳಿದನು, ಮೂರು ಸಲವೂ ಕಲ್ಲು ನಿಂತಿತು. ‘ಇರಲಿ ಗುರುಗಳ, ಇನ್ನೊಂದು ಕಡೆ ನೋಡ್ತೀನಿ’ ಎಂದು ನಕ್ಕನು. ಆ ನಗೆ ನನಗೆ ತಾಳಲಾಗಲಿಲ್ಲ. ಆತನು ತನ್ನ ಅನ್ನದ ಗಾಲಿಯನ್ನು ನನ್ನ ಪೂರ್ಣತೆಯ ಹುಚ್ಚಿಗಾಗಿ ಕೊಡಲು ಸಿದ್ಧನಾಗಿದ್ದನು. ನನ್ನ ತಂದೆ ತಮ್ಮ ಹಾದಿಯನ್ನೇ ನಡೆದು ಸವೆಸಿ ಕೊಟ್ಟಿದ್ದ ವಸ್ತುವನ್ನು, ಅವರ ನೆನಪಿನ ಹೆಸರಿನಲ್ಲಿಯೇ ಹಿಂದಕ್ಕೆ ಕಸಿಯಲು ನಾನು ಬಂದಿದ್ದೆನು. ಗಾಲಿಯ ಹಬ್ಬಿನ ಮೇಲೆ ಮೂರು ಗೆರೆಗಳು ಹೊಳೆಯುತ್ತಿದ್ದವು. ನಿತ್ಯ ತಿರುಗುತ್ತಿದ್ದುದರಿಂದ ಅಲ್ಲಿ ಜಂಗಿನ ಸುಳಿವೂ ಇರಲಿಲ್ಲ. ನಾನೇ ಮುಂದೆ ಹೋಗಿ ಹಳೆಯ ಗಾಲಿಯನ್ನು ಮತ್ತೆ ಅದರ ಸ್ಥಾನದಲ್ಲಿ ಕೂಡಿಸಲು ನೆರವಾದೆನು. ಹೊಸ ಗಾಲಿಯನ್ನು ಹೊತ್ತು ಬಸ್ಸಿನಲ್ಲಿ ತಿರುಗಿ ಬಂದೆನು.

ಬಂಧುಗಳೆ, ದಾರಿಯಲ್ಲಿ ಹಳಕಟ್ಟಿಯವರ ನೆನಪು ನನ್ನನ್ನು ಚುಚ್ಚಿತು. ಅವರೂ ಮನೆಮನೆಗೆ ಹೋಗಿ ಬೇಡಿದರು, ನಾನೂ ಬೇಡಿದೆನು. ಆದರೆ ಅವರು ಒಂದು ಮನೆಯ ಅಟ್ಟದಲ್ಲಿ ಮಲಗಿದ್ದ ಓಲೆಯನ್ನು ತಂದು ಸಾವಿರ ಮನೆಗೆ ಹಂಚಿದರು. ನಾನು ನಿತ್ಯ ದುಡಿಯುತ್ತಿದ್ದ ಗಾಲಿಯನ್ನು ತಂದು ಒಂದು ಗೋಡೆಗೆ ಒರಗಿಸಲಿದ್ದೆನು. ಕೂಡಿಸುವ ಕೆಲಸ ಎರಡೂ ಕಡೆ ಒಂದೇ. ಇಂಚಿಗೆ 24 ಸುತ್ತು, 26 ಸುತ್ತು ಎಂಬಂತೆ ಕಣ್ಣಿಗೆ ಭೇದ ಕಾಣದು, ಕೂಡಿಸಹೋದಾಗ ತಿಳಿಯುವದು. ಶರಣರು ಸಂಗ್ರಹಕ್ಕೆ ಅಂಜಿದ್ದು ಏಕೆಂಬುದು ನನಗೆ ಮುದ್ದೇಬಿಹಾಳದ ಪೇಟೆಯಲ್ಲಿ ತಿಳಿಯಿತು.

ಕಡೆಗೆ ಇಂಡಿಯ ಉಸ್ತಾದರು ತಮ್ಮಲ್ಲಿದ್ದ ಹಳೆಯ ಹಬ್ಬೊಂದಕ್ಕೆ ಹಿಂದಿನ ಗಾಲಿ ಕಟ್ಟಿಕೊಟ್ಟರು. ಇಂಥ ಸೈಕಲ್ಲಿನ ಮುಂದಿನ ಗಾಲಿಗೆ 32 ಕಡ್ಡಿ, ಭಾರ ಹೊರುವ ಹಿಂದಿನದಕ್ಕೆ 40. ಒಂದನ್ನು ಹೆಚ್ಚು ಬಿಗಿದರೆ ರಿಮ್ಮು ಅತ್ತ ವಾಲುವದು, ಸಡಿಲಿಸಿದರೆ ಇತ್ತ. ಗಾಲಿಯನ್ನು ತಿರುವಿ, ಕಾಲು ಸುತ್ತು ಬಿಗಿದು, ಮತ್ತೆ ತಿರುವಿ, ಬೆರಳಿನಿಂದ ಮೀಟಿ ಕಡ್ಡಿಯ ನಾದ ಕೇಳಿ, ಎಲ್ಲವೂ ಸಮನಾದ ಸ್ವರ ಕೊಡುವವರೆಗೆ ಅವರು ಒಂದು ದಿನವೆಲ್ಲ ಕುಳಿತರು.

ಸೈಕಲ್ಲಿನೊಡನೆ ಒಂದು ಪಟ್ಟಿಯನ್ನೂ ಬರೆದು ಶ್ರೀಮಠಕ್ಕೆ ಒಪ್ಪಿಸಿದ್ದೇನೆ. ಯಾವದು ಮೂಲದ್ದು, ಯಾವದು ಎಲ್ಲಿಂದ ಬಂದದ್ದು, ಯಾವದು ಹೊಸದು ಎಂದು ಒಂದೊಂದಾಗಿ ಅದರಲ್ಲಿ ನಮೂದಿಸಿರುವೆನು. ಹಿಂದಿನ ಗಾಲಿಯ ಮುಂದೆ ಹೀಗೆ ಬರೆದಿದ್ದೇನೆ: ‘ಇದು ಮೂಲದ್ದಲ್ಲ. ಮೂಲದ್ದು ಮುದ್ದೇಬಿಹಾಳದಲ್ಲಿ ಕಾಯಕದಲ್ಲಿದೆ.’ ಸರಪಳಿಯ ಕವಚದ ಮುಂದೆ: ‘ಇದರ ಮೇಲಿನ ಬರಹವನ್ನು ಜೀರ್ಣೋದ್ಧಾರ ಮಾಡಿದವನೇ ಅಳಿಸಿದನು.’ ಇಂಥ ಮಾತು ಏಕೆ ಬೇಕಿತ್ತೆಂದು ಮನೆಯವರು ಕೇಳಿದರು. ಮುಂದೆ ನೋಡುವವರಿಗೆ ಸುಳ್ಳು ಹೇಳಿದಂತಾಗಬಾರದೆಂದು ಉತ್ತರ ಕೊಟ್ಟೆನು.

ಈ ಸೈಕಲ್ಲನ್ನು ಗಾಜಿನ ಕಪಾಟಿನಲ್ಲಿ ಇಡಬೇಕೆಂದು ಭಕ್ತರಲ್ಲಿ ಕೆಲವರ ಆಸೆ. ಪೂಜ್ಯರು ನನ್ನ ಅಭಿಪ್ರಾಯ ಕೇಳಿದಾಗ, ಪ್ರಸಾದನಿಲಯದ ಹುಡುಗರು ಪೇಟೆಯಿಂದ ಕಾಯಿಪಲ್ಲೆ ತರಲು ಅದನ್ನು ಬಳಸಲೆಂದು ಬಿನ್ನವಿಸಿದೆನು. ಅವರು ನಸುನಕ್ಕು ಒಪ್ಪಿದರು. ಆದರೆ ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳದೆ ಕೂತರೆ ಕಪಟವಾದೀತು. ನಾಳೆ ಯಾವನೋ ಬಡವನ ಪೆಡಲು ಮುರಿದು ಅವನು ಈ ಮಠದ ಬಾಗಿಲಿಗೆ ಬಂದರೆ, ಇದರ ಪೆಡಲನ್ನು ಬಿಚ್ಚಿ ಕೊಡಿರೆಂದು ನನ್ನ ತಂದೆ ಒಂದು ಕ್ಷಣವೂ ತಡೆಯದೆ ಹೇಳುತ್ತಿದ್ದರು. ಹಾಗೆ ಹೇಳುವಷ್ಟು ಮನಸ್ಸು ನನಗೆ ಇನ್ನೂ ಬಂದಿಲ್ಲ. ಅದು ಬರಲೆಂದು ಗುರುಗಳು ಹರಸಬೇಕು, ತಾವೆಲ್ಲರೂ ಹಾರೈಸಬೇಕು.